ಕಂಸದೊಳಗಿನ ಅಂಕಿಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ಕಾಲ್ಚೆಂಡಿನ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಭಾಷೆಯ ಬೆಲೆ ನನಗೆ ಮೊದಲು ಮನದಟ್ಟಾದುದು ವ್ಯಾಕರಣದಿಂದಲ್ಲ, ಒಂದು ಕ್ರೀಡಾಪತ್ರಿಕೆಯಿಂದ.

1990ರಲ್ಲಿ ಇಟಲಿಯಲ್ಲಿ ವಿಶ್ವಕಪ್ ಪಂದ್ಯಗಳು ನಡೆದಾಗ ನಾನು ಹತ್ತು ವರ್ಷದ ಬಾಲಕ. ಸನಮಡಿಯ ಬಯಲಿನಲ್ಲಿ ನಾವು ಆಡುತ್ತಿದ್ದುದು ಹುತುತು, ಚಿಣಿಫಣಿ. ಬಂಧುವೊಬ್ಬರು ವಿಜಾಪುರದಿಂದ ತಂದ ಕನ್ನಡ ಪತ್ರಿಕೆಯಲ್ಲಿ ಎರಡು ಉಪಾಂತ್ಯ ಪಂದ್ಯಗಳ ಫಲಿತಾಂಶವಿತ್ತು. ನೇಪಲ್ಸ್‌ನಲ್ಲಿ ಅರ್ಜೆಂಟೀನಾ 1, ಇಟಲಿ 1, ಕಂಸದಲ್ಲಿ 4–3. ಟೂರಿನ್‌ನಲ್ಲಿ ಪಶ್ಚಿಮ ಜರ್ಮನಿ 1, ಇಂಗ್ಲೆಂಡ್ 1. ಅಲ್ಲಿಯೂ ಕಂಸದಲ್ಲಿ 4–3. ಸಮನಾದವರಲ್ಲಿ ಒಬ್ಬರು ಗೆದ್ದುದೆಂತು? ಎರಡು ಊರುಗಳಲ್ಲಿ ಒಂದೇ ಲೆಕ್ಕ ಬಂದುದೆಂತು? ವರದಿಯಲ್ಲಿ ‘ಪೆನಾಲ್ಟಿ ಶೂಟೌಟ್’ ಎಂದಿತ್ತು, ವಿವರಣೆಯಿರಲಿಲ್ಲ. ಲಿಪಿ ಕನ್ನಡದ್ದು, ತಿಳಿವು ಮಾತ್ರ ದೊರೆಯಲಿಲ್ಲ.

ಗುರುಗಳೊಬ್ಬರು ನೆಲದ ಮೇಲೆ ಗೆರೆಯೆಳೆದು ಬಿಡಿಸಿ ಹೇಳಿದರು. ಆಟ 90 ನಿಮಿಷ. ಸಮವಾದರೆ ಮತ್ತೆ 30 ನಿಮಿಷ. ಆಗಲೂ ಸಮವೇ ಆದರೆ ಪ್ರತಿ ತಂಡಕ್ಕೆ ಐದು ಒದೆತಗಳ ಅವಕಾಶ. ದೂರ 12 ಗಜ, ಎದುರಿಗೆ ಗೋಲುರಕ್ಷಕನೊಬ್ಬನೇ. ಈ ಪದ್ಧತಿ ನಿಯಮದೊಳಗೆ ಬಂದುದು 1970ರಲ್ಲಿ. ಆಟದ ಫಲ ಸಮವೆಂದೇ ಉಳಿಯುತ್ತದೆ. ಮುಂದೆ ಹೋಗುವವರಾರೆಂಬುದನ್ನಷ್ಟೇ ಕಂಸವು ಹೇಳುತ್ತದೆ.

ಜುಲೈ 8ರಂದು ರೋಮ್‌ನಲ್ಲಿ ಪಶ್ಚಿಮ ಜರ್ಮನಿಯು ಅರ್ಜೆಂಟೀನಾವನ್ನು 1–0ರಿಂದ ಸೋಲಿಸಿತು. ಅದೂ ಪೆನಾಲ್ಟಿಯ ಗೋಲೇ, ಆದರೆ ಕಂಸವಿಲ್ಲ. ಏಕೆಂದರೆ ಅದು ಆಟದ ನಡುವೆ ತಪ್ಪಿಗೆ ವಿಧಿಸಿದ ದಂಡ. ಆಟದ ಲೆಕ್ಕಕ್ಕೇ ಸೇರಿತು. ಒಂದೇ ಶಬ್ದ, ಸಂದರ್ಭ ಬೇರೆ, ಅರ್ಥ ಬೇರೆ! ಇಷ್ಟನ್ನೂ ನಮ್ಮ ನುಡಿಯಲ್ಲಿ ಹೇಳಬಹುದೆಂದು ಅಂದು ತಿಳಿದ ಸಂತೋಷವು ನನ್ನನ್ನು ಕನ್ನಡದ ಅಭ್ಯಾಸಕ್ಕೆ ಎಳೆಯಿತು.

ಬಾಲಭಾರತಿಯು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಕೊಡುತ್ತದೆ. ಆದರೆ ಮಗುವಿನ ಪ್ರಶ್ನೆ ಪಠ್ಯದ ಗಡಿಯಲ್ಲಿ ನಿಲ್ಲುವುದಿಲ್ಲ. ಆಟದ ಸುದ್ದಿ, ಬ್ಯಾಂಕಿನ ಅರ್ಜಿ, ಬೆಳೆವಿಮೆಯ ಕಾಗದ—ಇವುಗಳನ್ನು ನಾವು ಕನ್ನಡದಲ್ಲಿ ಬಿಡಿಸಿ ಹೇಳದಿದ್ದರೆ, ಕನ್ನಡವು ಅಡಿಗೆಮನೆಯ ಮಾತಿಗೆ ಮಾತ್ರವೆಂದು ಮಗು ಬಗೆಯುತ್ತದೆ. ಬಳಿಕ ಅದು ಕನ್ನಡ ಶಾಲೆಯನ್ನು ತೊರೆದರೆ ಅನ್ಯಭಾಷೆಯನ್ನು ದೂರಿ ಫಲವೇನು? ಮರಾಠಿಯನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ಅರ್ಥವಾಗದ್ದನ್ನು ಅರ್ಥಮಾಡಿಕೊಳ್ಳಲು ತಾಯಿನುಡಿಯ ಬಳಿಗೆ ಬರುವಂತಿರಲಿ.

ಸಂಘದ ಮುಂದೆ ನನ್ನದೊಂದು ಬಿನ್ನಹ. ವಾಚನಾಲಯದಲ್ಲಿ ಒಂದು ಕರಿಹಲಗೆಯನ್ನಿಡಿರಿ. ಮಕ್ಕಳು ತಮಗೆ ತಿಳಿಯದ ಮಾತನ್ನು ಅದರ ಮೇಲೆ ಬರೆಯಲಿ. ವಾರದೊಳಗೆ ಬಲ್ಲವರು ಅದರ ಕೆಳಗೆ ಸರಳ ಕನ್ನಡದಲ್ಲಿ ಅರ್ಥ ಬರೆಯಲಿ. ಮೊದಲ ವಾರದ ಹೊಣೆ ನನ್ನದಾಗಲಿ.