ಒಂದೇ ಅಂಗಳದ ಎರಡು ಹೆಸರು

1770ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ನಕ್ಷೆ ಬರೆದ ಜೇಮ್ಸ್ ಕುಕ್ ನಿಪುಣ ನಾವಿಕ, ನಿಜ. ಆದರೆ ಬಾಟನಿ ಕೊಲ್ಲಿಯಲ್ಲಿ ತನ್ನನ್ನು ತಡೆದ ಮೂಲನಿವಾಸಿಗಳತ್ತ ಗುಂಡು ಹಾರಿಸಿದ. ಅವರನ್ನು ಕೇಳದೆಯೇ ಆ ಕರಾವಳಿ ಬ್ರಿಟನ್ ದೊರೆಯದೆಂದು ಸಾರಿದ.

ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು. ಅಲ್ಲಿ ತೋಟದ ಕೆಲಸಕ್ಕಿದ್ದವರು ಟಾರೆಸ್ ಜಲಸಂಧಿಯ ಎಡ್ಡಿ ಮಾಬೊ. ತಮ್ಮ ದ್ವೀಪದ ಪಿತ್ರಾರ್ಜಿತ ಜಮೀನು ಕಾನೂನಿನ ಲೆಕ್ಕದಲ್ಲಿ ಸರ್ಕಾರದ್ದೆಂದು ಅವರಿಗೆ ಗೊತ್ತಾದದ್ದು ಅಲ್ಲಿನ ಅಧ್ಯಾಪಕರೊಡನೆ ಮಾತಾಡುವಾಗ. ಕೋರ್ಟಿಗೆ ಹೋದರು. 1992ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ, ಬ್ರಿಟಿಷರು ಬರುವ ಮೊದಲು ಆಸ್ಟ್ರೇಲಿಯಾ ಯಾರದೂ ಅಲ್ಲದ ನೆಲವಾಗಿತ್ತೆಂಬ ವಾದವನ್ನು ತಳ್ಳಿಹಾಕಿತು. ತೀರ್ಪು ಕೇಳಲು ಮಾಬೊ ಬದುಕಿರಲಿಲ್ಲ. 2008ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರ ಹೆಸರಿಟ್ಟರು.

ಕುಕ್‌ನ ಹೆಸರನ್ನು ಅಳಿಸಬೇಕೆ, ಉಳಿಸಬೇಕೆ? ಆ ವಾದ ನಡೆಯಲಿ. ಉಳಿಸುವುದಾದರೆ ಅವನ ಸಾಧನೆಯ ಜೊತೆಗೆ ಅವನು ಮಾಡಿದ ಅನ್ಯಾಯವನ್ನೂ ಮಕ್ಕಳಿಗೆ ಕಲಿಸಬೇಕು. ಗೌರವಿಸುವುದೆಂದರೆ ಪ್ರಶ್ನೆಗಳಿಂದ ಪಾರುಮಾಡುವುದಲ್ಲ.