ಪಿಂಪ್ರಿಯ ಮಣ್ಣಿನ ಮದ್ದು



ನಮ್ಮ ದೌಂಡದಿಂದ ರೈಲು ಹತ್ತಿ ಪುಣೆ ದಾಟಿದರೆ ಪಿಂಪ್ರಿ. ಅಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯು ದೇಶಕ್ಕೆ ಪೆನಿಸಿಲಿನ್ ಒದಗಿಸಿತು. ಆದರೆ ಬೂಷ್ಟಿನಿಂದ ಹುಟ್ಟಿದ ಪೆನಿಸಿಲಿನ್, ಬೂಷ್ಟು ತರುವ ರೋಗಕ್ಕೆ ನಾಟದು. ಆ ಕೊರತೆ ನೀಗಲು ದುಡಿದವರು ಮೈಸೂರಿನಿಂದ ಬಂದ ಡಾ. ಎಂ. ಜೆ. ತಿರುಮಲಾಚಾರ್. 1960ರ ಸುಮಾರಿಗೆ ಅವರ ತಂಡವು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹ್ಯಾಮೈಸಿನ್ ಪಡೆಯಿತು. ಆ ಜೀವಿಗೆ ಪಿಂಪ್ರಿಯ ಹೆಸರನ್ನೇ ಇಟ್ಟರು. ಮುಂದೆ ಬಂದ ಆರಿಯೋಫಂಗಿನ್ ಬೆಳೆಗಳ ರೋಗಕ್ಕೆ ಮದ್ದಾಯಿತು.

ಇಂದು ಮದ್ದಿಗೆ ಜಗ್ಗದ ಕ್ರಿಮಿ, ಬೂಷ್ಟುಗಳು ಹೆಚ್ಚುತ್ತಿವೆ. ಆದ್ದರಿಂದ ತಾಯಂದಿರಲ್ಲಿ ಒಂದು ಬಿನ್ನಹ: ಬರಿಯ ನೆಗಡಿಗೆ ಆಂಟಿಬಯೋಟಿಕ್ ಕೊಡಬೇಡಿ; ವೈದ್ಯರು ಬರೆದುಕೊಟ್ಟದ್ದನ್ನು ನಡುವೆ ನಿಲ್ಲಿಸಬೇಡಿ. ನಮ್ಮಂತೆಯೇ ಊರು ಬಿಟ್ಟು ಬಂದವರು ಬೆವರು ಸುರಿಸಿ ಗಳಿಸಿಕೊಟ್ಟ ಮದ್ದು, ನಮ್ಮ ಮೊಮ್ಮಕ್ಕಳಿಗೂ ಉಳಿಯಲಿ.