ಮೊದಲು ಯಾವ ಕೆಲಸ?

(ಬಿಳೇಕಹಳ್ಳಿಯಲ್ಲಿ ಮೊಹಲ್ಲಾ ಸೇವಾ ತಂಡದ ಯುವಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ನಿಮ್ಮ ನೆರೆಯಲ್ಲೇ, ಬನ್ನೇರುಘಟ್ಟ ರಸ್ತೆಯಲ್ಲಿ, ಐಐಎಂ ಆವರಣವಿದೆ. ಇರುವ ಜನ, ಹಣ, ಸಮಯದಲ್ಲಿ ಯಾವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದು ಅಂತಹ ಸಂಸ್ಥೆಗಳ ಪಾಠಗಳಲ್ಲೊಂದು. ಅದರ ತಿರುಳು ಎರಡೇ ಪ್ರಶ್ನೆ: ಇದರಿಂದ ಪ್ರಯೋಜನವೆಷ್ಟು? ಇದಕ್ಕೆ ಶ್ರಮವೆಷ್ಟು? ಈ ಪಾಠ ನಮಗೆ ಹೊಸತೇನಲ್ಲ.

ಹಿಜರಿ 5ನೇ ವರ್ಷ ಶತ್ರುಗಳ ಬೃಹತ್ ಸೇನೆ ಮದೀನಾದತ್ತ ಹೊರಟಿತು. ಸಲ್ಮಾನ್ ಫಾರಿಸಿ(ರ)ಯವರ ಸಲಹೆಯಂತೆ ಕಂದಕ ತೋಡಲು ಪ್ರವಾದಿವರ್ಯರು(ಸ) ತೀರ್ಮಾನಿಸಿದರು. ಆದರೆ ಊರ ಸುತ್ತಲೂ ತೋಡಿಸಲಿಲ್ಲ. ಪೂರ್ವ ಪಶ್ಚಿಮಗಳಲ್ಲಿ ಕಪ್ಪು ಲಾವಾ ಕಲ್ಲಿನ ನೆಲವಿತ್ತು, ದಕ್ಷಿಣದಲ್ಲಿ ಖರ್ಜೂರದ ತೋಟಗಳಿದ್ದವು. ತೆರೆದಿದ್ದ ಉತ್ತರ ಭಾಗದಲ್ಲಿ ಮಾತ್ರ ತೋಡಿಸಿದರು. ಹತ್ತು ಮಂದಿಗೆ ನಲ್ವತ್ತು ಮೊಳದಂತೆ ಕೆಲಸ ಹಂಚಿ, ಸ್ವತಃ ಮಣ್ಣು ಹೊತ್ತರು. ಸುತ್ತಲೂ ತೋಡಲು ಹೊರಟಿದ್ದರೆ ಸೇನೆ ಬರುವ ವೇಳೆಗೆ ಯಾವ ದಿಕ್ಕೂ ಭದ್ರವಾಗುತ್ತಿರಲಿಲ್ಲ.

ಇನ್ನು ನಿಮ್ಮ ಪಟ್ಟಿಯನ್ನು ನೋಡೋಣ. ಸ್ವಾಗತ ಕಮಾನು, ಜಲ್ಸಾ, ರಕ್ತದಾನ ಶಿಬಿರ, ಸಮುದಾಯ ಭವನ, ಕೊನೆಯ ಸಾಲಿನಲ್ಲಿ ಪ್ರಮಾಣಪತ್ರಗಳ ನೆರವು. ನಮ್ಮ ತೆರೆದ ದಿಕ್ಕು ಆ ಕೊನೆಯ ಸಾಲಿನಲ್ಲಿದೆ.

ರಾಜ್ಯದಲ್ಲಿ 1995ರಿಂದ ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇಕಡಾ 4 ಮೀಸಲಾತಿಯಿದೆ. 2023ರ ಮಾರ್ಚ್ ತಿಂಗಳಲ್ಲಿ ಅಂದಿನ ಸರಕಾರ ಅದನ್ನು ರದ್ದುಗೊಳಿಸಿದಾಗ ನಾವು ಪ್ರತಿಭಟಿಸಿದೆವು. ವಿಷಯವು ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶ ಜಾರಿಗೆ ಬರಲಿಲ್ಲ. ಹೀಗೆ ಉಳಿದ ಹಕ್ಕನ್ನು ಬಳಸಲು ನಮ್ಮ ಮಕ್ಕಳ ಕೈಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದೆಯೇ? ಸಿಇಟಿ ಅರ್ಜಿಯಲ್ಲಿ ಅದರ ಆರ್‌ಡಿ ಸಂಖ್ಯೆ ತುಂಬದಿದ್ದರೆ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ. ಒಳ್ಳೆಯ ಅಂಕ ಬಂದರೂ ಪತ್ರವಿಲ್ಲದೆ ಸಾಮಾನ್ಯ ವರ್ಗದ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ. ಅವರ ಸೀಟನ್ನು ಯಾರೂ ಕಸಿದುಕೊಳ್ಳಲಿಲ್ಲ, ನಮ್ಮ ಉದಾಸೀನವೇ ಕಳೆಯಿತು.

ಇದಕ್ಕೆ ಬೇಕಾದ ಶ್ರಮವೆಷ್ಟು? ಇಬ್ಬರು ಯುವಕರು, ಒಂದು ಲ್ಯಾಪ್‌ಟಾಪ್, ಭಾನುವಾರ ಅಸರ್ ನಮಾಝಿನ ಬಳಿಕ ಎರಡು ತಾಸು. ನಾಡಕಚೇರಿಗೆ ಅರ್ಜಿ ಹಾಕಿಸಬೇಕು. ಆಧಾರ್‌ನಲ್ಲೊಂದು, ಶಾಲಾ ದಾಖಲೆಯಲ್ಲೊಂದು ಕಾಗುಣಿತವಿದ್ದರೆ ತಿದ್ದಿಸಲು ಕಾಲ ಹಿಡಿಯುತ್ತದೆ. ಆದ್ದರಿಂದ ಒಂಬತ್ತನೇ ತರಗತಿಯಲ್ಲೇ ಆರಂಭಿಸಿರಿ.

ಹಾಗೆಂದು ಸುಲಭದ ಕೆಲಸಗಳನ್ನಷ್ಟೇ ಆಯ್ದುಕೊಳ್ಳಬಾರದು. 1966ರಲ್ಲಿ ಇದೇ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆ, ಕಾಲೇಜು ಕಟ್ಟುವುದು ಒಂದು ಭಾನುವಾರದ ಕೆಲಸವಲ್ಲ. ಶ್ರಮ ದೊಡ್ಡದಾದರೂ ಪ್ರಯೋಜನ ತಲೆಮಾರುಗಳದ್ದಾಗಿತ್ತು. ನೀವೂ ಅಂತಹ ಒಂದೇ ಒಂದು ದೊಡ್ಡ ಕೆಲಸವನ್ನು ಆರಿಸಿ, ವರ್ಷಗಟ್ಟಲೆ ಬಿಡದೆ ಹಿಡಿಯಿರಿ. ಶ್ರಮ ಹೆಚ್ಚು, ಪ್ರಯೋಜನ ಕಡಿಮೆಯಿರುವುದನ್ನು ಸಂಕೋಚವಿಲ್ಲದೆ ಕೈಬಿಡಿ. ಕಮಾನು ಅಂಥದ್ದು.

ಕೊನೆಯದಾಗಿ ಒಂದು ಮಾತು. ಪ್ರಯೋಜನವನ್ನು ಅಳೆಯುವಾಗ ಚಂದಾ ಕೊಡುವವರನ್ನು ಮಾತ್ರ ಕೇಳಬೇಡಿ, ಮೂವರು ಮಕ್ಕಳೊಡನೆ ಬಾಡಿಗೆ ಮನೆಯಲ್ಲಿರುವ ವಿಧವೆಯನ್ನೂ ಕೇಳಿರಿ. ಪಟ್ಟಿಯ ಮೊದಲ ಸಾಲು ಯಾವುದೆಂದು ಆಕೆಗೆ ಗೊತ್ತು.

ಅಲ್ಲಾಹನು ನಮ್ಮ ಅಲ್ಪ ಶ್ರಮದಲ್ಲಿ ಬರಕತ್ ನೀಡಲಿ. ಆಮೀನ್.